ಮುಚ್ಚಿಹೋದ ಕ್ಯಾಸಿನೊಗಳ ಚಿಪ್ ಮತ್ತು ದಾಳ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಗೆ ಬಂದವರು ಹಾಲ್‌ನ ಕಪಾಟಿನಲ್ಲಿರುವ ಗಾಜಿನ ಡಬ್ಬಿ ನೋಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಹೇಳಿ ಹೇಳಿ ಸಾಕಾಗಿ ಒಂದು ಕಡೆ ಬರೆದಿಟ್ಟಿದ್ದೇನೆ. ಇಲ್ಲಿರುವುದು ಹೆಚ್ಚಾಗಿ ಅಮೆರಿಕದ ಲಾಸ್ ವೇಗಸ್ ಕಥೆ. ಹಳೆಯದನ್ನು ಕೆಡವಿ ಹೊಸದು ಕಟ್ಟುವುದರಲ್ಲಿ ಆ ಊರನ್ನು ಮೀರಿಸುವುದು ಕಷ್ಟ. ಹಾಗಾಗಿ ಈ ಹವ್ಯಾಸಕ್ಕೆ ಅದೇ ತವರುಮನೆ.

ಚಿಪ್ಸ್ ಸಂಗ್ರಹ ಅಂದ್ರೆ ಏನು? ಬಾಳೆಕಾಯಿ ಚಿಪ್ಸಾ?

ಅಲ್ಲ ಸ್ವಾಮಿ. ಕ್ಯಾಸಿನೊದಲ್ಲಿ ಟೇಬಲ್ ಮೇಲೆ ದುಡ್ಡಿನ ಬದಲು ಇಡುವ ಬಿಲ್ಲೆ. ಸುಮಾರು 39 ಮಿಲಿಮೀಟರ್ ಅಗಲ, ಎಂಟರಿಂದ ಹತ್ತು ಗ್ರಾಂ ತೂಕ. ಅಂಗೈಯಲ್ಲಿಟ್ಟರೆ ಹಳೇ ಕಾಲದ ದಪ್ಪ ನಾಣ್ಯದ ಹಾಗೆ ಅನ್ನಿಸುತ್ತದೆ. ಕ್ಯಾಸಿನೊ ಮುಚ್ಚಿದ ಮೇಲೂ ಎಲ್ಲೋ ಉಳಿದುಕೊಂಡ ಇಂಥ ಬಿಲ್ಲೆಗಳನ್ನು, ಅಲ್ಲಿ ಉರುಳಿದ ದಾಳಗಳನ್ನು ಕೂಡಿಡುವುದೇ ಈ ಹವ್ಯಾಸ.

ಇಂಥದ್ದನ್ನೂ ಕೂಡಿಡ್ತಾರಾ? ನಿಮಗೊಬ್ಬರಿಗೇ ಈ ಹುಚ್ಚಾ?

ಅಂಚೆಚೀಟಿ, ನಾಣ್ಯ ಕೂಡಿಡುವವರಿಗಿಂತ ನಾವು ಕಡಿಮೆ, ನಿಜ. ಆದರೆ ಅಮೆರಿಕದಲ್ಲಿ ಇದಕ್ಕೆಂದೇ 1988ರಲ್ಲಿ ಒಂದು ಸಂಘ ಶುರುವಾಯಿತು. ಈಗ ಅದರ ಹೆಸರು ಕ್ಯಾಸಿನೊ ಕಲೆಕ್ಟಿಬಲ್ಸ್ ಅಸೋಸಿಯೇಶನ್. ಅವರ ದೊಡ್ಡ ಮೇಳ ಲಾಸ್ ವೇಗಸ್‌ನಲ್ಲೇ ನಡೆಯುತ್ತದೆ. ಸಾಲು ಸಾಲು ಮೇಜು, ಮೇಜಿನ ತುಂಬ ಚಿಪ್, ಭೂತಗನ್ನಡಿ ಹಿಡಿದು ಬಗ್ಗಿ ನೋಡುವ ಹಿರಿಯರು.

ನಿಮಗೆ ಇದು ಹೇಗೆ ಅಂಟಿಕೊಂಡಿತು?

2006ರ ಅಕ್ಟೋಬರ್. ಕೆಲಸದ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದೆ. ಅಮೆರಿಕಕ್ಕೆ ಹೋದ ಕನ್ನಡಿಗರೆಲ್ಲ ಮಾಡುವಂತೆ ನಾವೂ ನಾಲ್ಕು ಜನ ಒಂದು ಬಾಡಿಗೆ ಕಾರು ಮಾಡಿಕೊಂಡು ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೊರಟೆವು. ದಾರಿಯಲ್ಲಿ ಒಂದು ರಾತ್ರಿ ವೇಗಸ್. ಸ್ಟಾರ್‌ಡಸ್ಟ್ ಅನ್ನುವ ಹಳೇ ಕ್ಯಾಸಿನೊ ಮುಂದಿನ ವಾರ ಮುಚ್ಚುತ್ತದೆ, ಒಳಗೆ ಕಾಲಿಟ್ಟು ಬರೋಣ ಅಂತ ಯಾರೋ ಹೇಳಿದರು. ನಲವತ್ತು ಡಾಲರ್‌ಗೆ ಚಿಪ್ ತಗೊಂಡೆ. ಸ್ವಲ್ಪ ಕಳೆದೆ. ಹಸಿರು ಬಣ್ಣದ 25 ಡಾಲರ್ ಚಿಪ್ ಉಳಿದಿತ್ತು. ಹೊರಡುವಾಗ ಅದನ್ನು ಬಹಳ ಶಿಸ್ತಿನಿಂದ ಕೇಜ್‌ನಲ್ಲಿ ಕೊಟ್ಟು ದುಡ್ಡು ವಾಪಸ್ ತಗೊಂಡೆ. ಕೇಜ್ ಅಂದರೆ ಅವರ ಕ್ಯಾಶ್ ಕೌಂಟರ್.

ವಾರದ ಮೇಲೆ ಪ್ಯಾಂಟ್ ಒಗೆಯಲು ಹಾಕುವಾಗ ಜೇಬಿನಲ್ಲಿ ಒಂದು ಡಾಲರ್ ಚಿಪ್ ಸಿಕ್ಕಿತು. ಅಷ್ಟರಲ್ಲಿ ಸ್ಟಾರ್‌ಡಸ್ಟ್ ಬಾಗಿಲು ಹಾಕಿಯಾಗಿತ್ತು: ನವೆಂಬರ್ 1. ಮರುವರ್ಷ ಮಾರ್ಚ್ 13ರಂದು ಕಟ್ಟಡವನ್ನು ಸ್ಫೋಟಿಸಿ ಕೆಡವಿದರು. 1958ರಿಂದ ಇದ್ದ ಜಾಗ. ಟಿವಿಯಲ್ಲಿ ಅದು ಕುಸಿಯುವುದನ್ನು ನೋಡಿ ಜೇಬಿನಲ್ಲಿ ಸಿಕ್ಕಿದ್ದ ಬಿಲ್ಲೆಯನ್ನು ಮತ್ತೆ ಹುಡುಕಿ ತೆಗೆದೆ. ಆ 25ರ ಹಸಿರು ಚಿಪ್ ಬಗ್ಗೆ ಮಾತ್ರ ಈಗಲೂ ಕೇಳಬೇಡಿ.

ಮುಚ್ಚಿದ ಕ್ಯಾಸಿನೊ ಚಿಪ್ ಕೊಟ್ಟರೆ ದುಡ್ಡು ಸಿಗುತ್ತಾ?

ಮೊದಲು ಚಿಪ್ ಅಂದರೇನು ಅಂತ ತಿಳಿಯಬೇಕು. ಅದು ಹಣ ಅಲ್ಲ, ಸಾಲದ ಚೀಟಿ. ನೀವು ನೂರು ಡಾಲರ್ ಕೊಟ್ಟಾಗ ಕ್ಯಾಸಿನೊ "ನಿಮಗೆ ನೂರು ಡಾಲರ್ ಬಾಕಿ" ಅಂತ ಒಂದು ಬಿಲ್ಲೆ ಕೊಡುತ್ತದೆ. ನೆವಾಡಾ ರಾಜ್ಯದ ನಿಯಮ ಇದನ್ನೇ ಹೇಳುತ್ತದೆ. ಚಿಪ್ ಕೈಯಲ್ಲಿರುವವರಿಗೆ ಕ್ಯಾಸಿನೊ ಸಾಲಗಾರ. ಆದರೆ ಚಿಪ್ ಎಂಬ ವಸ್ತು ಮಾತ್ರ ಕ್ಯಾಸಿನೊದ್ದೇ ಸೊತ್ತು! ವಿಚಿತ್ರ ಅಲ್ವಾ? ಹಾಗೆ ನೋಡಿದರೆ ನಾವು ಸಂಗ್ರಹಕಾರರೆಲ್ಲ ಬೇರೆಯವರ ಸಾಮಾನು ಇಟ್ಟುಕೊಂಡವರೇ. ಅದಕ್ಕಾಗಿ ಯಾರೂ ಮನೆ ಬಾಗಿಲಿಗೆ ಬರುವುದಿಲ್ಲ, ಚಿಂತೆ ಬೇಡ.

ಕ್ಯಾಸಿನೊ ಮುಚ್ಚುವಾಗ, ಅಥವಾ ಚಿಪ್‌ನ ವಿನ್ಯಾಸ ಬದಲಿಸುವಾಗ, ಹಳೆಯದನ್ನು ವಾಪಸ್ ತಗೊಂಡು ದುಡ್ಡು ಕೊಡುವ ಯೋಜನೆಯನ್ನು ಸರ್ಕಾರಕ್ಕೆ ಕೊಡಬೇಕು. ಜನರಿಗೆ ಪ್ರಕಟಣೆ ಕೊಡಬೇಕು. ಕನಿಷ್ಠ 120 ದಿನ ಅವಕಾಶ ಇರಬೇಕು. ಅದು ಮುಗಿದ ಮೇಲೆ ಸಾಲದ ಚೀಟಿ ಬರೀ ಬಿಲ್ಲೆ.

ಇದಕ್ಕೆ ಒಂದು ಒಳ್ಳೇ ಉದಾಹರಣೆ ಮುಚ್ಚದ ಕ್ಯಾಸಿನೊದ್ದೇ ಇದೆ. 2010ರ ಡಿಸೆಂಬರ್ 14ರಂದು ಒಬ್ಬ ಹೆಲ್ಮೆಟ್ ಹಾಕಿಕೊಂಡು ವೇಗಸ್‌ನ ಬೆಲಾಜಿಯೊ ಕ್ಯಾಸಿನೊಗೆ ನುಗ್ಗಿ, ಪಿಸ್ತೂಲು ತೋರಿಸಿ, ಸುಮಾರು 15 ಲಕ್ಷ ಡಾಲರ್ ಬೆಲೆಯ ಚಿಪ್ ಬಾಚಿಕೊಂಡು ಬೈಕ್ ಹತ್ತಿ ಪರಾರಿಯಾದ. ಕ್ಯಾಸಿನೊದವರು ತಲೆ ಕೆಡಿಸಿಕೊಳ್ಳಲಿಲ್ಲ. ತಮ್ಮ 25,000 ಡಾಲರ್ ಚಿಪ್‌ಗಳ ಆ ಸರಣಿಯನ್ನೇ ರದ್ದು ಮಾಡಿದರು. 2011ರ ಏಪ್ರಿಲ್ 22ರೊಳಗೆ ತಂದುಕೊಡಿ, ಆಮೇಲೆ ಅದಕ್ಕೆ ಬೆಲೆಯಿಲ್ಲ ಅಂದರು. ಕದ್ದವನು ತಂದುಕೊಡುವುದು ಹೇಗೆ? ಮಾರಲು ಹೋಗಿ ಸಿಕ್ಕಿಬಿದ್ದ. ದುಡ್ಡು ಕದ್ದಿದ್ದರೆ ದುಡ್ಡಾಗಿಯೇ ಇರುತ್ತಿತ್ತು. ಅವನು ಕದ್ದದ್ದು ಸಾಲದ ಚೀಟಿ.

ವಾಪಸ್ ಬಂದ ಚಿಪ್‌ಗಳು ಎಲ್ಲಿಗೆ ಹೋಗುತ್ತವೆ?

ಈಗ ಪುಡಿ ಮಾಡುತ್ತಾರೆ. ನಾಶ ಮಾಡುವ ಬಗೆಯನ್ನೂ ಸರ್ಕಾರ ಒಪ್ಪಬೇಕು. ಹಿಂದೆ ಅಷ್ಟು ಬಿಗಿ ಇರಲಿಲ್ಲ. ನೆಲದಲ್ಲಿ ಹೂತದ್ದು, ಕಾಂಕ್ರೀಟಿಗೆ ಸುರಿದದ್ದು, ಗೋದಾಮಿನ ಮೂಲೆಯಲ್ಲಿ ಮರೆತದ್ದು ಎಲ್ಲ ಉಂಟು. ಕೆಲವಕ್ಕೆ ಅಂಚಿನಲ್ಲಿ ಕಚ್ಚು ಹಾಕಿ ಅಥವಾ ತೂತು ಕೊರೆದು ರದ್ದು ಮಾಡುತ್ತಿದ್ದರು. ಅಂಥವೂ ಮಾರುಕಟ್ಟೆಗೆ ಬರುತ್ತವೆ, ಬೆಲೆ ಕಡಿಮೆ.

ಹಾಗಾದರೆ ಯಾವ ಚಿಪ್‌ಗೆ ಬೆಲೆ ಜಾಸ್ತಿ? ಹಳೆಯದಕ್ಕಾ?

ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ವಯಸ್ಸು ಮುಖ್ಯ ಅಲ್ಲ. ಎಷ್ಟು ಜನ ವಾಪಸ್ ಕೊಡದೆ ಬಿಟ್ಟರು ಅನ್ನುವುದೇ ಲೆಕ್ಕ. ನನ್ನದೇ ಕಥೆ ನೋಡಿ: ಒಂದು ಡಾಲರ್ ಜೇಬಿನಲ್ಲಿ ಮರೆತೆ, 25 ಮರೆಯಲಿಲ್ಲ. ಎಲ್ಲರೂ ಮಾಡಿದ್ದು ಅದನ್ನೇ. ಹಾಗಾಗಿ ಒಂದರ ಚಿಪ್, ಐದರ ಕೆಂಪು ಚಿಪ್ ಬೇಕಾದಷ್ಟು ಉಳಿದಿವೆ. 25ರ ಹಸಿರು ಕಡಿಮೆ. ನೂರರ ಕಪ್ಪು ಇನ್ನೂ ಕಡಿಮೆ. ಐನೂರರ ನೇರಳೆ ಚಿಪ್ಪನ್ನು ಮರೆತು ಮನೆಗೆ ಹೋಗುವ ಪುಣ್ಯಾತ್ಮ ಯಾರಿದ್ದಾನೆ? ಅದಕ್ಕೇ ಅದು ಅಪರೂಪ. ಬಿಲ್ಲೆಯ ಮೇಲೆ ಬರೆದ ಮೊತ್ತಕ್ಕೂ ಸಂಗ್ರಹಕಾರ ಕೊಡುವ ಬೆಲೆಗೂ ಇರುವ ನಂಟು ಇಷ್ಟೇ.

ಇನ್ನೊಂದು ಮಾತು. ಸ್ವಲ್ಪ ಕಾಲ ಮಾತ್ರ ನಡೆದ ಕ್ಯಾಸಿನೊಗಳ ಚಿಪ್ ಕಡಿಮೆ ಮೊತ್ತದ್ದಾದರೂ ಅಪರೂಪ. ಮೌಲಾನ್ ರೂಜ್ ಅಂತ ಒಂದಿತ್ತು. 1955ರ ಮೇ ತಿಂಗಳಲ್ಲಿ ತೆರೆದು ಅದೇ ವರ್ಷ ಮುಚ್ಚಿತು. ಆಗ ವೇಗಸ್‌ನ ದೊಡ್ಡ ಹೋಟೆಲುಗಳಲ್ಲಿ ಕಪ್ಪು ಜನರು ವೇದಿಕೆ ಮೇಲೆ ಹಾಡಬಹುದಿತ್ತು, ಅಲ್ಲೇ ಕೋಣೆ ತಗೊಂಡು ಮಲಗುವ ಹಾಗಿರಲಿಲ್ಲ. ಕಪ್ಪು, ಬಿಳಿ ಎಲ್ಲರೂ ಒಟ್ಟಿಗೆ ಕೂರಬಹುದಾದ ಅಲ್ಲಿನ ಮೊದಲ ಹೋಟೆಲ್-ಕ್ಯಾಸಿನೊ ಅದು. ಅದರ ಚಿಪ್ ನನ್ನ ಹತ್ತಿರ ಇಲ್ಲ. ಒಂದು ಸಲ ಕೈಯಲ್ಲಿ ಹಿಡಿದು ನೋಡಿ ಮಾಲೀಕರಿಗೆ ವಾಪಸ್ ಕೊಟ್ಟಿದ್ದೇನೆ.

ಹೊಸಬರು ಯಾವ ಕ್ಯಾಸಿನೊದಿಂದ ಶುರು ಮಾಡಬೇಕು?

ನಿಮಗೆ ಕಥೆ ಇಷ್ಟ ಆದ ಕ್ಯಾಸಿನೊದಿಂದ. ನಾನು ಜಾಗ ಹಿಡಿದು ಕೂಡಿಡುತ್ತೇನೆ: ಇವತ್ತು ಅಲ್ಲಿ ಏನಿದೆ, ಮೊದಲು ಏನಿತ್ತು. ಬೆಲಾಜಿಯೊ ಕಾರಂಜಿ ಮುಂದೆ ಫೋಟೊ ತೆಗೆಸಿಕೊಂಡ ನೆಂಟರು ನಿಮಗೂ ಇರುತ್ತಾರೆ. ಅದು ಇರುವುದು ಡ್ಯೂನ್ಸ್ ಜಾಗದಲ್ಲಿ. 1955ರಲ್ಲಿ ಶುರುವಾದ ಡ್ಯೂನ್ಸ್ 1993ರ ಜನವರಿಯಲ್ಲಿ ಮುಚ್ಚಿತು, ಅಕ್ಟೋಬರ್ 27ಕ್ಕೆ ಅದರ ಒಂದು ಗೋಪುರ ನೆಲಸಮ. ವೆನೀಷಿಯನ್ ಹೋಟೆಲಿನಲ್ಲಿ ದೋಣಿ ಹತ್ತಿದವರು ಸ್ಯಾಂಡ್ಸ್ ಜಾಗದಲ್ಲಿ ತೇಲಿದ್ದಾರೆ. ಸ್ಯಾಂಡ್ಸ್ ಅಂದರೆ ಫ್ರಾಂಕ್ ಸಿನಾತ್ರಾ ಮತ್ತು ಗೆಳೆಯರು ಹಾಡಿ ಕುಣಿದ ಜಾಗ, 1952ರಿಂದ 1996. ವಿನ್ ಹೋಟೆಲ್ ಇರುವ ಕಡೆ ಡೆಸರ್ಟ್ ಇನ್ ಇತ್ತು. ಹವರ್ಡ್ ಹ್ಯೂಸ್ ಅನ್ನುವ ಕೋಟ್ಯಧಿಪತಿ 1966ರಲ್ಲಿ ಅಲ್ಲಿಗೆ ಬಂದು ತಂಗಿದ, ಕೋಣೆ ಖಾಲಿ ಮಾಡಿ ಅಂದರು, ಅವನು ಹೋಟೆಲನ್ನೇ ಕೊಂಡುಕೊಂಡ. ಆ ಹೋಟೆಲ್ 2000ದಲ್ಲಿ ಮುಚ್ಚಿತು. ಹಾಸಿಯೆಂಡಾವನ್ನು 1996ರ ಡಿಸೆಂಬರ್ 31ರ ರಾತ್ರಿ ಹೊಸ ವರ್ಷದ ಸಂಭ್ರಮದ ಜೊತೆಗೇ ಸ್ಫೋಟಿಸಿದರು. ಈಗ ಅಲ್ಲಿರುವುದು ಮ್ಯಾಂಡಲೆ ಬೇ.

ಜೇಬು ನೋಡಿಕೊಂಡು ಹೇಳುವುದಾದರೆ ಇತ್ತೀಚೆಗೆ ಮುಚ್ಚಿದವು ಸುಲಭ. ರಿವಿಯೇರಾ 2015ರ ಮೇ 4ರಂದು ಮುಚ್ಚಿತು. ಟ್ರಾಪಿಕಾನಾ 2024ರ ಏಪ್ರಿಲ್ 2ರಂದು, ತನ್ನ 67ನೇ ಹುಟ್ಟುಹಬ್ಬಕ್ಕೆ ಎರಡು ದಿನ ಬಾಕಿ ಇರುವಾಗ. ಬೇಸ್‌ಬಾಲ್ ಮೈದಾನಕ್ಕೆ ಜಾಗ ಬೇಕಿತ್ತು, ಅದೇ ವರ್ಷ ಅಕ್ಟೋಬರ್ 9ಕ್ಕೆ ಕೆಡವಿದರು. ಮಿರಾಜ್ 2024ರ ಜುಲೈ 17ಕ್ಕೆ ಬಾಗಿಲು ಹಾಕಿತು. ಜ್ವಾಲಾಮುಖಿ ಉಕ್ಕಿಸಿ ತೋರಿಸುತ್ತಿದ್ದರಲ್ಲ, ಅದೇ. ಇವುಗಳ ಒಂದು, ಐದು ಡಾಲರ್ ಚಿಪ್ ಸಿಗುವುದು ಕಷ್ಟವಿಲ್ಲ.

ಬರೀ ವೇಗಸ್‌ದಾ? ಬೇರೆ ಊರಿನವು?

ಅಮೆರಿಕದ ಪೂರ್ವದ ಕಡೆ ಅಟ್ಲಾಂಟಿಕ್ ಸಿಟಿ ಇದೆ. 2014ರ ಒಂದೇ ವರ್ಷ ಅಲ್ಲಿ ನಾಲ್ಕು ಕ್ಯಾಸಿನೊ ಮುಚ್ಚಿದವು: ಅಟ್ಲಾಂಟಿಕ್ ಕ್ಲಬ್, ಶೋಬೋಟ್, ರೆವೆಲ್, ಟ್ರಂಪ್ ಪ್ಲಾಜಾ. 2016ರಲ್ಲಿ ಟ್ರಂಪ್ ತಾಜ್ ಮಹಲ್ ಕೂಡ. ನಮ್ಮ ತಾಜ್ ಮಹಲಿನ ಹೆಸರಿರುವ ಚಿಪ್ ಅಂತ ನಮ್ಮ ಕಡೆಯವರು ಅದನ್ನು ಮುದ್ದಾಂ ಕೇಳುತ್ತಾರೆ. ನಾನೂ ಒಂದು ಇಟ್ಟಿದ್ದೇನೆ.

ಚಿಪ್ ಯಾವುದರಿಂದ ಮಾಡ್ತಾರೆ? ಅಸಲಿ ಅಂತ ತಿಳಿಯೋದು ಹೇಗೆ?

ಬಾಯಿಮಾತಿಗೆ "ಕ್ಲೇ" ಅನ್ನುತ್ತಾರೆ. ಬರೀ ಜೇಡಿಮಣ್ಣಲ್ಲ, ಬೇರೆ ವಸ್ತುಗಳನ್ನು ಕಲಸಿ ಅಚ್ಚಿನಲ್ಲಿ ಒತ್ತಿ ಮಾಡುವುದು. ಎರಡನ್ನು ತಾಗಿಸಿದರೆ ಪ್ಲಾಸ್ಟಿಕ್ಕಿನ ಟಕಟಕ ಬರುವುದಿಲ್ಲ, ಮೆತ್ತಗಿನ ಸದ್ದು. ಅಂಚಿನಲ್ಲಿ ಕಾಣುವ ಬೇರೆ ಬಣ್ಣದ ಗುರುತುಗಳನ್ನು ಎಡ್ಜ್ ಸ್ಪಾಟ್ ಅನ್ನುತ್ತಾರೆ. ಒಳ್ಳೆಯ ಚಿಪ್‌ನಲ್ಲಿ ಅದು ಬಳಿದ ಬಣ್ಣವಲ್ಲ. ಬೇರೆ ಬಣ್ಣದ ತುಂಡನ್ನೇ ಒಳಗೆ ಸೇರಿಸಿ ಒತ್ತಿರುತ್ತಾರೆ. ಹಾಗಾಗಿ ಅಂಚು ಸವೆದರೂ ಬಣ್ಣ ಅಳಿಯುವುದಿಲ್ಲ. ಹಳೆಯ ಚಿಪ್‌ಗಳಲ್ಲಿ ಹೆಸರನ್ನು ಬಿಸಿ ಅಚ್ಚಿನಿಂದ ಬಂಗಾರದ ಬಣ್ಣದಲ್ಲಿ ಒತ್ತುತ್ತಿದ್ದರು, ಅದು ಹಾಟ್ ಸ್ಟ್ಯಾಂಪ್. ನಡುವೆ ಬಣ್ಣದ ಚಿತ್ರದ ವೃತ್ತ ಕೂರಿಸಿದ್ದರೆ ಇನ್‌ಲೇ.

ಅಂಚಿನ ಒಳಸುತ್ತಿನಲ್ಲಿ ಉಬ್ಬಿರುವ ಸಣ್ಣ ಚಿತ್ತಾರವೇ ಮೋಲ್ಡ್, ಅಂದರೆ ಅಚ್ಚಿನ ಗುರುತು. ಸಂಗ್ರಹಕಾರ ಮೊದಲು ನೋಡುವುದು ಅದನ್ನೇ. ಒಂದು ಟೋಪಿ, ಒಂದು ಬೆತ್ತ ಸಾಲಾಗಿ ಕಂಡರೆ ಅದು ಹ್ಯಾಟ್ ಅಂಡ್ ಕೇನ್, ಪಾಲ್ಸನ್ ಕಂಪನಿಯ ಅಚ್ಚು. ಆ ಕಂಪನಿ ಶುರುವಾದದ್ದೇ 1963ರಲ್ಲಿ. ಯಾರಾದರೂ "1950ರ ದಶಕದ ಸ್ಯಾಂಡ್ಸ್ ಚಿಪ್" ಅಂತ ಟೋಪಿ-ಬೆತ್ತದ ಚಿಪ್ ಮಾರಲು ಬಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ನಾನು ಎದ್ದು ಬರದೆ ಕೈ ಸುಟ್ಟುಕೊಂಡದ್ದೂ ಇದೆ. ಆನ್‌ಲೈನ್‌ನಲ್ಲಿ ಒಬ್ಬರಿಂದ ಡ್ಯೂನ್ಸ್‌ನ ನೂರು ಡಾಲರ್ ಚಿಪ್ ಕೊಂಡೆ. ಬಂದದ್ದು ಹೊಳೆಯುವ ಹೊಸ ಬಿಲ್ಲೆ. ಇಂಥವಕ್ಕೆ ಫ್ಯಾಂಟಸಿ ಚಿಪ್ ಅನ್ನುತ್ತಾರೆ. ಮುಚ್ಚಿದ ಕ್ಯಾಸಿನೊದ ಹೆಸರು ಹಾಕಿ ಈಚೆಗೆ ಮಾಡಿಸಿದವು. ಫ್ಯಾಂಟಸಿ ಅಂತ ಹೇಳಿ ಮಾರಿದರೆ ಮೋಸವಲ್ಲ, ಹೇಳದೆ ಮಾರಿದರೆ ಮೋಸ. ಮನೆಗೆ ಬಂದು ತೂಗಿದರೆ ಹನ್ನೊಂದೂವರೆ ಗ್ರಾಂ. ತೂಕ ಬರಲಿ ಅಂತ ಒಳಗೆ ಲೋಹದ ಬಿಲ್ಲೆ ಇಟ್ಟಿದ್ದರು. ಅಂಗಡಿಯಲ್ಲಿ ಪೆಟ್ಟಿಗೆಗಟ್ಟಲೆ ಮಾರುವ ಪೋಕರ್ ಸೆಟ್‌ನವೂ ಹಾಗೇ ಇರುತ್ತವೆ. ಅಡುಗೆಮನೆಯ ತಕ್ಕಡಿ ಅವತ್ತಿನಿಂದ ನನ್ನ ಮೇಜಿನ ಮೇಲೆ ಇದೆ. ಮನೆಯಲ್ಲಿ ಬೇರೆ ತಕ್ಕಡಿ ತರಿಸಿಕೊಂಡರು.

ಕ್ಯಾಸಿನೊ ದಾಳಕ್ಕೂ ನಮ್ಮ ಹಾವು-ಏಣಿ ದಾಳಕ್ಕೂ ಏನು ವ್ಯತ್ಯಾಸ?

ಅಜಗಜಾಂತರ. ಹಾವು-ಏಣಿ ದಾಳದ ಮೂಲೆಗಳು ಉರುಟು, ಚುಕ್ಕೆಗಳು ಗುಳಿ. ಆರರ ಕಡೆ ಆರು ಗುಳಿ ತೋಡಿದ್ದರಿಂದ ಆ ಮುಖ ಒಂದು ಕೂದಲೆಳೆಯಷ್ಟು ಹಗುರ. ಮನೆ ಆಟಕ್ಕೆ ನಡೆಯುತ್ತದೆ. ಲಕ್ಷಗಟ್ಟಲೆ ಸಲ ಉರುಳಿಸಿ ಪ್ರತಿ ಸಲ ದುಡ್ಡು ಕಟ್ಟುವ ಕಡೆ ನಡೆಯುವುದಿಲ್ಲ.

ಕ್ಯಾಸಿನೊದಲ್ಲಿ ದಾಳ ಎಸೆದು ಆಡುವ ಆಟಕ್ಕೆ ಕ್ರ್ಯಾಪ್ಸ್ ಅನ್ನುತ್ತಾರೆ. ಆ ಟೇಬಲ್‌ನ ದಾಳ ಮುಕ್ಕಾಲು ಇಂಚಿನ ಘನ, ಸುಮಾರು 19 ಮಿಲಿಮೀಟರ್. ಸೆಲ್ಯುಲೋಸ್ ಅಸಿಟೇಟ್ ಅನ್ನುವ ಪ್ಲಾಸ್ಟಿಕ್‌ನಿಂದ ಮಾಡುತ್ತಾರೆ. ಹೆಚ್ಚಿನವು ಪಾರದರ್ಶಕ ಕೆಂಪು, ಒಳಗೆ ಏನಾದರೂ ತುಂಬಿಸಿದ್ದರೆ ಕಾಣಲಿ ಅಂತ. ಅಂಚುಗಳು ಚೂಪು. ಚುಕ್ಕೆಗಳಿಗೆ ಗುಳಿ ಕೊರೆದು, ತೆಗೆದ ಪ್ಲಾಸ್ಟಿಕ್ಕಿನಷ್ಟೇ ತೂಕದ ಬಣ್ಣ ತುಂಬಿ ಸಮ ಮಾಡುತ್ತಾರೆ. ಬೆರಳು ಆಡಿಸಿದರೆ ಚುಕ್ಕೆ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಒಂದು ಬದಿಗೂ ಇನ್ನೊಂದಕ್ಕೂ ಅಳತೆಯಲ್ಲಿ ವ್ಯತ್ಯಾಸ ಕೂದಲಿಗಿಂತ ಎಷ್ಟೋ ಸಣ್ಣದಿರಬೇಕು. ಅದಕ್ಕೆ ಮೈಕ್ರೊಮೀಟರ್ ಹಿಡಿದು ಅಳೆಯುತ್ತಾರೆ. ಮೇಲೆ ಕ್ಯಾಸಿನೊದ ಹೆಸರು, ಪುಟ್ಟ ಸೀರಿಯಲ್ ನಂಬರ್. ಆಟದ ನಡುವೆ ಯಾರಾದರೂ ಅಂಗೈಯಲ್ಲಿ ಬದಲಿಸಿ ಬೇರೆ ದಾಳ ಎಸೆದರೆ ಹಿಡಿಯುವುದು ಈ ನಂಬರಿನಿಂದ. ನಮ್ಮ ಶಕುನಿಗೆ ಅಲ್ಲಿ ಕೆಲಸ ಸಿಗುತ್ತಿರಲಿಲ್ಲ ಬಿಡಿ.

ದಾಳ ಬರುವುದು ಐದರ ಕಟ್ಟಿನಲ್ಲಿ, ಅದಕ್ಕೆ ಸ್ಟಿಕ್ ಅನ್ನುತ್ತಾರೆ. ಐದಕ್ಕೂ ಒಂದೇ ನಂಬರ್. ಆಡುವವರು ಅದರಲ್ಲಿ ಎರಡನ್ನು ಆರಿಸಿಕೊಳ್ಳುತ್ತಾರೆ. ಎಸೆದು ಎಸೆದು ಅಂಚು ಮೊಂಡಾಗುವುದರಿಂದ ಒಂದು ದಾಳದ ಆಯಸ್ಸು ಕೆಲವೇ ಗಂಟೆ. ಆಮೇಲೆ ರದ್ದು. ಒಂದು ಮುಖದ ಮೇಲೆ ಗೀರು ಎಳೆಯುತ್ತಾರೆ, ಇಲ್ಲವೇ ಸುತ್ತು ಗುರುತು ಒತ್ತುತ್ತಾರೆ, ಇಲ್ಲವೇ ತೂತು ಕೊರೆಯುತ್ತಾರೆ. ಹೀಗೆ ರದ್ದಾದವನ್ನು ಕ್ಯಾಸಿನೊದ ಗಿಫ್ಟ್ ಅಂಗಡಿಯಲ್ಲೇ ಮಾರುತ್ತಿದ್ದರು. ಹಾಗಾಗಿ ದಾಳಗಳು ಚಿಪ್‌ಗಿಂತ ಅಗ್ಗ. ಅದರ ಮೇಲೆ ಯಾರ ಸಾಲವೂ ಇರಲಿಲ್ಲವಲ್ಲ, ಅವರೇ ಬಿಟ್ಟುಕೊಟ್ಟ ಸಾಮಾನು.

ಕೊಳ್ಳುವಾಗ ಜೋಡಿಗೆ ಒಂದೇ ನಂಬರ್ ಇದೆಯಾ ನೋಡಿ. ಒಂದೇ ನಂಬರಿನ ಜೋಡಿಗೆ ಬೆಲೆ ಜಾಸ್ತಿ. ರದ್ದಾಗದ, ಕಾಗದ ಬಿಚ್ಚದ ಐದರ ಸ್ಟಿಕ್ ಸಿಕ್ಕರೆ ನಿಮ್ಮ ಅದೃಷ್ಟ. ಇನ್ನೊಂದು: ಎದುರುಬದುರು ಮುಖಗಳನ್ನು ಕೂಡಿದರೆ ಏಳು ಬರಬೇಕು. ಬರದಿದ್ದರೆ ಅದು ಮೋಸದ ದಾಳ. ಅದನ್ನು ಕೂಡಿಡುವವರೂ ಬೇರೆ ಇದ್ದಾರೆ!

ದಾಳ ಹಾಳಾಗುತ್ತಾ? ಹೇಗೆ ಇಡಬೇಕು?

ಇಪ್ಪತ್ತನೇ ಶತಮಾನದ ಮೊದಲರ್ಧದ ದಾಳಗಳು ಹೆಚ್ಚಾಗಿ ಸೆಲ್ಯುಲಾಯ್ಡ್. ಹಳೇ ಸಿನಿಮಾ ರೀಲಿನ ಜಾತಿಯ ವಸ್ತು. ನೋಡಲು ಚೆನ್ನಾಗಿರುತ್ತದೆ. ಒಂದು ದಿನ ಒಳಗಿನಿಂದ ಬಿರುಕು ಬಿಡಲು ಶುರುವಾಗುತ್ತದೆ, ಕಲ್ಲುಸಕ್ಕರೆ ಹಾಗೆ ಹರಳುಗಟ್ಟಿ ಪುಡಿಯಾಗುತ್ತದೆ. ಹಾಗಾಗುವಾಗ ಹೊರಬರುವ ಆಮ್ಲದ ಆವಿ ಪಕ್ಕದಲ್ಲಿದ್ದ ದಾಳಗಳನ್ನೂ ಲೋಹವನ್ನೂ ಕೆಡಿಸುತ್ತದೆ. ಒಂದು ಕೊಳೆತ ಮಾವಿನಹಣ್ಣು ಇಡೀ ಬುಟ್ಟಿ ಕೆಡಿಸಿದ ಹಾಗೆ. ಬಿರುಕು ಕಂಡ ದಾಳವನ್ನು ತಕ್ಷಣ ಬೇರೆ ಇಡಿ. ಸೆಲ್ಯುಲಾಯ್ಡ್‌ಗೆ ಬೆಂಕಿ ಬಲು ಬೇಗ ಹತ್ತುತ್ತದೆ, ದೇವರ ದೀಪದ ಹತ್ತಿರ ಮಾತ್ರ ಬೇಡ. ಈಗಿನ ಅಸಿಟೇಟ್ ದಾಳ ಅಷ್ಟು ಅಪಾಯವಲ್ಲ. ಆದರೆ ವಿನೆಗರ್ ವಾಸನೆ ಬಂದರೆ ಅದೂ ಕೆಡುತ್ತಿದೆ ಅಂತ ಅರ್ಥ.

ಗಾಳಿ ಆಡಬೇಕು, ಬಿಸಿಲು ಬೀಳಬಾರದು, ಸೆಕೆ ತೇವ ಎರಡೂ ಬೇಡ. ಮಂಗಳೂರು, ಕಾರವಾರ ಕಡೆಯವರು ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟುಕೊಳ್ಳಿ.

ಚಿಪ್‌ಗೆ ಆಲ್ಬಮ್ ಸಾಕಾ? ತೊಳೀಬಹುದಾ?

ಸ್ಟೇಶನರಿ ಅಂಗಡಿಯ ಮೆತ್ತಗಿನ ಪಿವಿಸಿ ಹಾಳೆಯ ಆಲ್ಬಮ್ ಬೇಡವೇ ಬೇಡ. ನಾನು ಎರಡು ವರ್ಷ ಇಟ್ಟು ತೆಗೆದಾಗ ಚಿಪ್‌ಗಳ ಮೇಲೆ ಎಣ್ಣೆ ಸವರಿದ ಹಾಗೆ ಅಂಟು ಕೂತಿತ್ತು. ನಾಣ್ಯ ಇಡುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಒಳ್ಳೆಯದು, 39 ಮಿಲಿಮೀಟರಿನದ್ದು ತಗೊಳ್ಳಿ.

ತೊಳೆಯುವ ಆಸೆ ಎಲ್ಲರಿಗೂ ಬರುತ್ತದೆ. ತಡೆದುಕೊಳ್ಳಿ. ಸಾವಿರಾರು ಕೈ ದಾಟಿ ಬಂದ ಕೊಳೆ ಅದು, ಅದರಲ್ಲೇ ಅದರ ಚಂದ. ತೀರಾ ಜಿಡ್ಡಿದ್ದರೆ ಒಣ ಮೆತ್ತನೆ ಬ್ರಷ್ ಸಾಕು. ಹಾಟ್ ಸ್ಟ್ಯಾಂಪ್ ಉಜ್ಜಿದರೆ ಬಂಗಾರದ ಬಣ್ಣ ಎದ್ದು ಬರುತ್ತದೆ. ಮತ್ತೆ ಕೂರುವುದಿಲ್ಲ.

ಇಲ್ಲಿ ಕೂತು ಕೊಳ್ಳೋದು ಹೇಗೆ? ಗೋವಾದ ಚಿಪ್ ಆಗಲ್ವಾ?

ಆನ್‌ಲೈನ್ ಹರಾಜು ಒಂದು ದಾರಿ. ಚಿಪ್‌ಗಿಂತ ಅಂಚೆ ಖರ್ಚೇ ಜಾಸ್ತಿ ಆಗುವುದುಂಟು, ಕಸ್ಟಮ್ಸ್ ಸುಂಕವೂ ಬೀಳಬಹುದು. ಅದಕ್ಕಿಂತ ಒಳ್ಳೇ ದಾರಿ, ಅಮೆರಿಕದಲ್ಲಿರುವ ಮಗಳೋ ಅಳಿಯನೋ ಊರಿಗೆ ಬರುವಾಗ ತರಿಸಿಕೊಳ್ಳುವುದು. ಚಾಕೊಲೇಟ್, ಬಾದಾಮಿ ಜೊತೆ ಎರಡು ಬಿಲ್ಲೆ ಭಾರವೇ?

ಗೋವಾದ ಕ್ಯಾಸಿನೊಗಳಿಗೆ ನಮ್ಮ ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಜನ ಹೋಗಿ ಬರುತ್ತಾರೆ. ಮಾಂಡೋವಿ ನದಿಯ ಮೇಲಿನ ಹಡಗುಗಳಲ್ಲೂ ಚಿಪ್ ಇದೆ. ನಮ್ಮ ದೇಶದ ಮಟ್ಟಿಗೆ ಈ ಸಂಗ್ರಹ ಇನ್ನೂ ಎಳೆಯದು. ಯಾರಾದರೂ ಈಗಲೇ ಒಂದೊಂದು ಎತ್ತಿಟ್ಟರೆ ಮುಂದೆ ಒಳ್ಳೇ ಕಥೆ ಆದೀತು.

ಮನೇಲಿ ಜೂಜಿನ ಸಾಮಾನು ಇಟ್ಕೋಬಹುದಾ? ನಮ್ಮಮ್ಮ ಬೈತಾರೆ.

ನಮ್ಮಮ್ಮನೂ ಬೈದಿದ್ದರು. ಚೌಕಾಬಾರದ ಮಣೆ, ಕವಡೆ ಮನೆಯಲ್ಲಿ ಇಟ್ಟುಕೊಂಡೇ ಬೈದರು ಅನ್ನುವುದು ಬೇರೆ ಮಾತು. ಮುಚ್ಚಿಹೋದ ಕ್ಯಾಸಿನೊದ ಚಿಪ್‌ನಲ್ಲಿ ಇನ್ನು ಜೂಜಾಡಲು ಆಗುವುದಿಲ್ಲ, ಅದರ ಆಟ ಮುಗಿದಿದೆ ಅಂತ ಹೇಳಿದೆ. "ಆ ಕ್ಯಾಸಿನೊದವನ ಮನೆ ಮುಚ್ಚಿಸಿದ್ದಕ್ಕೇ ಅದು ಇಲ್ಲಿ ಬಂದು ಕೂತಿದೆ, ಹುಷಾರು" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದು ಒಳ್ಳೇ ಹೂಡಿಕೆನಾ?

ಅಲ್ಲ. ಹೂಡಿಕೆಗೆ ಬ್ಯಾಂಕಿದೆ.

ನಿಮ್ಮ ಹತ್ತಿರ ಮಾರೋಕೆ ಏನಾದ್ರೂ ಇದೆಯಾ?

ಸ್ಟಾರ್‌ಡಸ್ಟ್‌ನ ಒಂದು ಡಾಲರ್ ಕೊಡುವುದಿಲ್ಲ. ರಿವಿಯೇರಾದ ಐದರ ಚಿಪ್ ಎರಡಿವೆ, ಒಂದನ್ನು ಡೆಸರ್ಟ್ ಇನ್ ಚಿಪ್‌ಗೆ ಅದಲುಬದಲು ಮಾಡಿಕೊಳ್ಳಲು ತಯಾರಿದ್ದೇನೆ. ಟ್ರಾಪಿಕಾನಾದ ಎರಡು ದಾಳ ಇದ್ದವು, ನಂಬರ್ ಹೊಂದುತ್ತಿರಲಿಲ್ಲ. ಅವನ್ನು ಮಗಳು ಹಾವು-ಏಣಿ ಡಬ್ಬಿಗೆ ಹಾಕಿಕೊಂಡಿದ್ದಾಳೆ. ಇನ್ನು ಸಿಗುವುದಿಲ್ಲ.